ಡೀಲರ್‌ಗೆ ಒಂದು ರೇಟು, ಗಿರಾಕಿಗೆ ಒಂದು ರೇಟು: ಎರಡೂ ಒಂದೇ ಆನ್‌ಲೈನ್ ಅಂಗಡಿಯಲ್ಲಿ

ಕೊಡಗಿನಲ್ಲಿ ಕಾಫಿ ಪುಡಿ, ಕರಿಮೆಣಸು, ಜೇನು, ಏಲಕ್ಕಿ ಪ್ಯಾಕ್ ಮಾಡಿ ಮಾರುವವರು ಈಗ ತುಂಬಾ ಜನ ಸ್ವಂತ ವೆಬ್‌ಸೈಟ್ ಇಟ್ಟುಕೊಂಡಿದ್ದಾರೆ. ಪ್ರವಾಸಕ್ಕೆ ಬಂದು ಹೋದವರು ಊರಿಗೆ ಹೋಗಿ ಅರ್ಧ ಕಿಲೋ, ಒಂದು ಕಿಲೋ ತರಿಸಿಕೊಳ್ಳುತ್ತಾರೆ. ಆದರೆ ದೊಡ್ಡ ಮಾಲು ಹೋಗುವುದು ಮೈಸೂರು, ಮಂಗಳೂರು, ಕಣ್ಣೂರಿನ ಅಂಗಡಿಗಳಿಗೆ, ಅಂದರೆ ನಿಮ್ಮ ಡೀಲರ್‌ಗಳಿಗೆ. ಆ ವ್ಯಾಪಾರ ಇನ್ನೂ ಫೋನು, ವಾಟ್ಸಾಪ್, ಚೀಟಿಯ ಮೇಲೆಯೇ ನಡೆಯುತ್ತಿದೆ, ಅಲ್ವಾ? ಅದನ್ನೂ ಅದೇ ವೆಬ್‌ಸೈಟಿಗೆ ತರಬಹುದು. ಹೇಗೆ ಅಂತ ಹೇಳುತ್ತೇನೆ.

ಸಾಫ್ಟ್‌ವೇರ್ ಆಮೇಲೆ. ಮೊದಲು ರೇಟು ಗಟ್ಟಿ ಮಾಡಿ. ಅರ್ಧ ಕಿಲೋ ಪುಡಿಯ ಎಂಆರ್‌ಪಿ ₹420 ಅಂತ ಇಟ್ಟುಕೊಳ್ಳಿ. ಅದರಲ್ಲಿ 5% ಜಿಎಸ್‌ಟಿ ತೆಗೆದರೆ ₹400. ಡೀಲರ್‌ಗೆ ₹300 ಪ್ಲಸ್ ಜಿಎಸ್‌ಟಿ ಕೊಟ್ಟರೆ ಅವರಿಗೆ ಪ್ಯಾಕೆಟ್‌ಗೆ ₹100 ಉಳಿಯುತ್ತದೆ. ಬಾಡಿಗೆ, ಕೆಲಸದವರ ಸಂಬಳ, ಉದ್ರಿ ಎಲ್ಲ ಅದರಲ್ಲೇ ಆಗಬೇಕು. ಈಗ ನೀವೇ ನಿಮ್ಮ ಸೈಟಿನಲ್ಲಿ ದಸರಾ ಆಫರ್ ಅಂತ ಅದೇ ಪ್ಯಾಕೆಟ್ ₹350ಕ್ಕೆ ಬಿಟ್ಟರೆ, ಅವರ ಗಿರಾಕಿ ಅಂಗಡಿಯಲ್ಲೇ ನಿಂತು ಫೋನ್ ತೆಗೆದು ತೋರಿಸುತ್ತಾನೆ. ಅವರು ಅದೇ ರೇಟಿಗೆ ಇಳಿದರೆ ಜಿಎಸ್‌ಟಿ ಕಳೆದು ಉಳಿಯುವುದು ₹33 ಚಿಲ್ಲರೆ. ಆ ಡೀಲರ್ ಮತ್ತೆ ನಿಮಗೆ ಯಾಕೆ ಆರ್ಡರ್ ಕೊಡಬೇಕು? ಆಫರ್ ಕೊಡಲೇಬೇಕು ಅಂದರೆ ಡೀಲರ್‌ಗಳ ಹತ್ತಿರ ಇಲ್ಲದ ಐಟಂಗೆ ಕೊಡಿ, ಗಿಫ್ಟ್ ಬಾಕ್ಸಿಗೋ ಸಣ್ಣ ಸ್ಯಾಂಪಲ್ ಪ್ಯಾಕಿಗೋ. ಹೋಲ್‌ಸೇಲ್ ಉಳಿಯುವುದು, ಕೆಡುವುದು ಎರಡೂ ಇದೊಂದರ ಮೇಲೆ. ಬೇರೆ ಯಾವ ಸೆಟ್ಟಿಂಗೂ ಇದಕ್ಕಿಂತ ಮುಖ್ಯ ಅಲ್ಲ ಅಂತ ನಾನು ನಂಬುತ್ತೇನೆ.

ಇನ್ನು ವೆಬ್‌ಸೈಟ್. ಡೀಲರ್‌ಗಳಿಗೆ ಅಂತ ಇನ್ನೊಂದು ಸೈಟ್ ಮಾಡಬೇಡಿ. ಎರಡು ಕಡೆ ಸ್ಟಾಕ್ ಇಟ್ಟರೆ ಒಂದು ಕಡೆ ಮುಗಿದದ್ದು ಇನ್ನೊಂದು ಕಡೆ ಗೊತ್ತಾಗುವುದಿಲ್ಲ. ಸೈಟ್ ಒಂದೇ, ಸ್ಟಾಕ್ ಒಂದೇ ಇರಲಿ. ಡೀಲರ್ ಲಾಗಿನ್ ಆದರೆ ಮಾತ್ರ ಅವರ ರೇಟು ಕಾಣಬೇಕು. ವೂಕಾಮರ್ಸ್, ಶಾಪಿಫೈ ಎರಡೂ ಆನ್‌ಲೈನ್ ಅಂಗಡಿ ನಡೆಸುವ ಸಾಫ್ಟ್‌ವೇರ್. ವೂಕಾಮರ್ಸ್‌ನಲ್ಲಿ ಇದಕ್ಕೆ ಹೋಲ್‌ಸೇಲ್ ಪ್ಲಗಿನ್‌ಗಳಿವೆ, ಡೀಲರ್‌ಗೆ ಬೇರೆ ಯೂಸರ್ ರೋಲ್ ಕೊಟ್ಟು ರೇಟು ಕಟ್ಟಬಹುದು. ಶಾಪಿಫೈನಲ್ಲಿ ಕಂಪನಿ ಅಕೌಂಟ್, ಕ್ಯಾಟಲಾಗ್ ಅಂತ ವ್ಯವಸ್ಥೆ ಇದೆ. ಅದು ನಿಮ್ಮ ಪ್ಲಾನಿನಲ್ಲಿ ಸಿಗುತ್ತದಾ ಅಂತ ದುಡ್ಡು ಕಟ್ಟುವ ಮೊದಲೇ ನೋಡಿಕೊಳ್ಳಿ. ಐದಾರು ಡೀಲರ್ ಇರುವವರು ಸುಮ್ನೆ ದೊಡ್ಡ ಪ್ಲಾನ್ ತೆಗೆದುಕೊಳ್ಳಬೇಕಾಗಿಲ್ಲ. ಅವರ ಪರವಾಗಿ ನೀವೇ ಡ್ರಾಫ್ಟ್ ಆರ್ಡರ್ (ಕರಡು ಆರ್ಡರ್) ಮಾಡಿ, ಡೀಲರ್ ರೇಟ್ ಹಾಕಿ, ಲಿಂಕ್ ಕಳಿಸಿದರೆ ಸಾಕು.

ಡೀಲರ್ ಅಕೌಂಟ್ ಯಾರು ಬೇಕಾದರೂ ತೆರೆಯುವ ಹಾಗೆ ಬಿಡಬೇಡಿ. ಫಾರ್ಮ್‌ನಲ್ಲಿ ಅಂಗಡಿಯ ಹೆಸರು, ಜಿಎಸ್‌ಟಿ ನಂಬರು, ಎಫ್‌ಎಸ್‌ಎಸ್‌ಎಐ (ಆಹಾರ ಪರವಾನಗಿ) ನಂಬರು, ಊರು ಕೇಳಿ. ಜಿಎಸ್‌ಟಿ ಪೋರ್ಟಲಿನಲ್ಲಿ ಆ ನಂಬರು ಹಾಕಿದರೆ ಅಂಗಡಿಯ ಹೆಸರು ಬರುತ್ತದೆ, ನೋಡಿ ಆಮೇಲೆ ಒಪ್ಪಿಗೆ ಕೊಡಿ. ಊರು ನೋಡುವುದು ಯಾಕೆ ಅಂದರೆ ಒಂದೇ ಬೀದಿಯ ಎರಡು ಅಂಗಡಿಗೆ ಮಾಲು ಕೊಟ್ಟರೆ ಇಬ್ಬರೂ ರೇಟು ಇಳಿಸಿ ಹೊಡೆದಾಡುತ್ತಾರೆ, ಕೊನೆಗೆ ಇಬ್ಬರೂ ಬಿಡುತ್ತಾರೆ.

ಡೀಲರ್‌ಗೆ ಬಿಡಿ ಪ್ಯಾಕೆಟ್ ಮಾರಬೇಡಿ, ಬಾಕ್ಸ್ ಲೆಕ್ಕದಲ್ಲಿ ಮಾರಿ. ಬಾಕ್ಸಿಗೆ 20 ಪ್ಯಾಕೆಟ್ ಅಂದರೆ ಸೈಟಿನಲ್ಲಿ ಕನಿಷ್ಠ 20, ಆಮೇಲೆ 40, 60 ಅಂತಲೇ ಏರುವ ಹಾಗೆ ಸೆಟ್ ಮಾಡಿ. 10 ಬಾಕ್ಸ್ ತೆಗೆದರೆ ಪ್ಯಾಕೆಟ್‌ಗೆ ₹290 ಅಂತ ಒಂದು ಮೆಟ್ಟಿಲು ಇಡಿ, ಜಾಸ್ತಿ ಮೆಟ್ಟಿಲು ಬೇಡ. ಕಾಫಿಯ ರೇಟು ಲಂಡನ್, ನ್ಯೂಯಾರ್ಕ್ ಮಾರುಕಟ್ಟೆ ನೋಡಿಕೊಂಡು ಏರಿಳಿಯುತ್ತದೆ, ಬೀಜ ಕೊಂಡು ಪುಡಿ ಮಾಡುವವರಿಗೆ ಅದರ ಬಿಸಿ ಬೇಗ ತಟ್ಟುತ್ತದೆ. ಹಾಗಾಗಿ ರೇಟ್ ಲಿಸ್ಟಿನ ತಲೆಯಲ್ಲೇ ‘ಈ ರೇಟು ಇಂಥ ತಾರೀಕಿನ ತನಕ’ ಅಂತ ಬರೆದುಬಿಡಿ. ಇಲ್ಲದಿದ್ದರೆ "ಅಣ್ಣಾ, ಹೋದ ಸಲದ ರೇಟಿಗೇ ಕೊಡಿ" ಅನ್ನುವ ಮಾತು ಮುಗಿಯುವುದೇ ಇಲ್ಲ.

ದುಡ್ಡಿನ ವಿಷಯ. ಮೇಲಿನ ಲೆಕ್ಕದಲ್ಲಿ 10 ಬಾಕ್ಸ್ ಅಂದರೆ 200 ಪ್ಯಾಕೆಟ್, ₹58,000, ಜಿಎಸ್‌ಟಿ ಸೇರಿ ₹60,900. ಕಾರ್ಡಿನಲ್ಲಿ ಕಟ್ಟಿಸಿಕೊಂಡು ಪೇಮೆಂಟ್ ಗೇಟ್‌ವೇ 2% ಹಿಡಿದರೆ ₹1,218 ಹೋಯಿತು, ಪ್ಯಾಕೆಟ್‌ಗೆ ₹6. ಅದಕ್ಕೇ ಡೀಲರ್ ಲಾಗಿನ್‌ಗೆ ಬ್ಯಾಂಕ್ ಟ್ರಾನ್ಸ್‌ಫರ್ ಆಯ್ಕೆ ಮಾತ್ರ ತೋರಿಸಿ, ಎನ್‌ಇಎಫ್‌ಟಿ ಸಾಕು. ಹೊಸಬರಿಗೆ ಮೊದಲ ಕೆಲವು ಆರ್ಡರ್ ಅಡ್ವಾನ್ಸ್ ಮೇಲೆಯೇ ಇರಲಿ. ನಂಬಿಕೆ ಬಂದ ಮೇಲೆ ಉದ್ರಿ ಕೊಡಿ, ಆದರೆ ಎಷ್ಟು ದುಡ್ಡು, ಎಷ್ಟು ದಿನ ಎರಡನ್ನೂ ಅಕೌಂಟಿನಲ್ಲಿ ನಮೂದಿಸಿ. ಹಳೇ ಬಿಲ್ ಬಾಕಿ ಇದ್ದರೆ ಹೊಸ ಆರ್ಡರ್ ತಡೆದು ನಿಲ್ಲಬೇಕು.

ನೀವೇ ಪುಡಿ ತಯಾರಿಸುವ ಸಣ್ಣ ಘಟಕವಾಗಿ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಮಾಡಿದ್ದರೆ ಇನ್ನೊಂದು ಬಲ ಇದೆ. ಬರಹದ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಡೀಲರ್ ದುಡ್ಡು ಕಟ್ಟಬೇಕು. ತಡವಾದರೆ, ಕಟ್ಟುವ ತನಕ ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ತೋರಿಸುವ ಹಾಗಿಲ್ಲ. ತೆರಿಗೆಯ ಈ ನಿಯಮ 2024ರ ಏಪ್ರಿಲ್‌ನಿಂದ ಇದೆ. ಬಿಲ್ಲಿನ ಮೇಲೆ ಉದ್ಯಮ್ ನಂಬರು ಹಾಕಿ, ಅವರ ಆಡಿಟರೇ ನೆನಪಿಸುತ್ತಾರೆ.

ಬಿಲ್ಲಿನಲ್ಲಿ ಡೀಲರ್‌ನ ಜಿಎಸ್‌ಟಿ ನಂಬರು, ಎಚ್‌ಎಸ್‌ಎನ್ ಕೋಡ್ (ತೆರಿಗೆಗೆ ಮಾಲಿನ ವರ್ಗ ಹೇಳುವ ಸಂಖ್ಯೆ), ನಿಮ್ಮ ಎಫ್‌ಎಸ್‌ಎಸ್‌ಎಐ ನಂಬರು ತಾನಾಗಿಯೇ ಬರುವ ಹಾಗಿರಲಿ. ಹುರಿದ ಕಾಫಿ 0901, ಮೆಣಸು 0904, ಜೇನು 0409. ಚಿಕೋರಿ ಬೆರೆಸಿದ ಪುಡಿಯ ಕೋಡ್ ಬೇರೆ, ಆಡಿಟರ್ ಹತ್ತಿರ ಕೇಳಿಯೇ ಹಾಕಿ. ಮೈಸೂರಿಗಾದರೆ, ನಮ್ಮದೇ ರಾಜ್ಯ, ಬಿಲ್ಲಿನಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂತ ಎರಡು ಭಾಗ. ಕಣ್ಣೂರಿಗಾದರೆ, ಅದು ಕೇರಳ, ಐಜಿಎಸ್‌ಟಿ. ಕಾಂಪೊಸಿಷನ್ ಸ್ಕೀಮಿನಲ್ಲಿ (ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ) ಇರುವವರು ಹೊರ ರಾಜ್ಯಕ್ಕೆ ಮಾರುವ ಹಾಗೇ ಇಲ್ಲ. ಮಾಲಿನ ಬೆಲೆ ₹50,000 ದಾಟಿದರೆ ಇ-ವೇ ಬಿಲ್ (ಸಾಗಾಟದ ಆನ್‌ಲೈನ್ ದಾಖಲೆ) ಮಾಡಿ. ತಿಂಗಳ ರಿಟರ್ನ್ ಹಾಕುವವರು ಮುಂದಿನ ತಿಂಗಳು 11ರೊಳಗೆ ಜಿಎಸ್‌ಟಿಆರ್-1 (ಮಾರಾಟದ ರಿಟರ್ನ್) ಹಾಕದಿದ್ದರೆ, ಡೀಲರ್‌ ನಿಮಗೆ ಕಟ್ಟಿದ ಜಿಎಸ್‌ಟಿಗೆ ಸಿಗಬೇಕಾದ ಆ ತಿಂಗಳ ಕ್ರೆಡಿಟ್ ಅವರಿಗೆ ಕಾಣುವುದಿಲ್ಲ. ಅವರು ಮೊದಲು ಫೋನ್ ಮಾಡುವುದು ಇದಕ್ಕೇ.

ಸಾಗಾಟಕ್ಕೆ ಕೊರಿಯರ್ ರೇಟು ಹಾಕಬೇಡಿ. ನಮ್ಮ ಜಿಲ್ಲೆಗೆ ರೈಲು ಇಲ್ಲ, ಲಾರಿ ಪಾರ್ಸೆಲ್ ಅಥವಾ ಕೆಎಸ್‌ಆರ್‌ಟಿಸಿಯ ‘ನಮ್ಮ ಕಾರ್ಗೋ’ ಪಾರ್ಸೆಲ್ ಸೇವೆ ಇರುವುದೇ ದಾರಿ. ಡೀಲರ್ ಲಾಗಿನ್‌ನಲ್ಲಿ ‘ಟು-ಪೇ’ ಅಂತ ಒಂದೇ ಆಯ್ಕೆ ಇಡಿ, ಬಾಡಿಗೆ ಅವರು ಅಲ್ಲೇ ಕಟ್ಟುತ್ತಾರೆ. ವಾರಕ್ಕೆ ಎರಡು ದಿನ ಮಾತ್ರ ಲೋಡ್ ಅಂತ ಸೈಟಿನಲ್ಲೇ ಬರೆಯಿರಿ. ಮಳೆಗಾಲದಲ್ಲಿ ಸಂಪಾಜೆ ಘಾಟಿ ಯಾವಾಗ ಬಂದ್ ಆಗುತ್ತದೋ ಹೇಳಲಾಗದು, ಕರೆಂಟ್ ಹೋದರೆ ಹುರಿಯುವುದೂ ನಿಲ್ಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ತಲುಪುವ ದಿನ ಎರಡು ಮೂರು ಜಾಸ್ತಿ ಹಾಕಿಯೇ ತೋರಿಸಿ. ಬಾಕ್ಸಿನ ಒಳಗೆ ದಪ್ಪ ಪ್ಲಾಸ್ಟಿಕ್ ಹಾಕಿ ಕಟ್ಟಿ, ಥಂಡಿ ತಾಗಿದ ಮೆಣಸನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಎಲ್‌ಆರ್ (ಲಾರಿ ರಸೀದಿ) ಫೋಟೋ ಆರ್ಡರ್‌ಗೇ ಸೇರಿಸಿ, ಹುಡುಕಾಟ ತಪ್ಪುತ್ತದೆ.

ಕೆಲವು ಡೀಲರ್‌ಗಳು ಲಾಗಿನ್ ಆಗುವುದೇ ಇಲ್ಲ, ಚೀಟಿಯ ಫೋಟೋ ವಾಟ್ಸಾಪ್‌ಗೆ ಹಾಕುತ್ತಾರೆ. ಅವರನ್ನು ಒತ್ತಾಯ ಮಾಡಬೇಡಿ. ಆ ಚೀಟಿ ನೋಡಿ ನೀವೇ ಸೈಟಿನಲ್ಲಿ ಆರ್ಡರ್ ಹಾಕಿ, ಲಿಂಕ್ ಕಳಿಸಿ. ಸ್ಟಾಕ್, ಬಾಕಿ, ಬಿಲ್ ಎಲ್ಲ ಒಂದೇ ಕಡೆ ಕೂರುತ್ತದೆ. ಸ್ವಲ್ಪ ದಿನ ಆದ ಮೇಲೆ ಹಳೇ ಆರ್ಡರನ್ನೇ ಮತ್ತೆ ಹಾಕುವ ಬಟನ್ ತೋರಿಸಿಕೊಡಿ, ಆ ಬಟನ್ ಕೆಲವರಿಗೆ ಇಷ್ಟವಾಗುತ್ತದೆ.

ವಾಪಸ್ ಮಾಲಿಗೂ ನಿಯಮ ಮೊದಲೇ ಹೇಳಿ. ಹರಿದ ಪ್ಯಾಕೆಟ್ ಇದ್ದರೆ ಮಾಲು ಸಿಕ್ಕಿದ ಮೂರು ದಿನದೊಳಗೆ ಬ್ಯಾಚ್ ನಂಬರ್ ಕಾಣುವ ಫೋಟೋ ಕಳಿಸಬೇಕು. ಒಪ್ಪಿಕೊಂಡರೆ ದುಡ್ಡು ವಾಪಸ್ ಅಲ್ಲ, ಕ್ರೆಡಿಟ್ ನೋಟ್ ಮಾಡಿ ಮುಂದಿನ ಬಿಲ್ಲಿಗೆ ಹಿಡಿಯಿರಿ. ಆ ಕ್ರೆಡಿಟ್ ನೋಟನ್ನು ಅದೇ ತಿಂಗಳ ಜಿಎಸ್‌ಟಿಆರ್-1ರಲ್ಲಿ ತೋರಿಸಿ.