ಆಕ್ಸಿಲರೇಟರ್ ಒತ್ತಿದರೆ ಜರ್ಕ್: ಥ್ರಾಟಲ್ ಸೆನ್ಸರ್ ದೋಷ ಹಿಡಿದದ್ದು ಹೀಗೆ

ಕೇಬಲ್ ಥ್ರಾಟಲ್ ಇರುವ ಹಳೆಯ ಪೆಟ್ರೋಲ್ ಕಾರು. ಥ್ರಾಟಲ್ ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಕವಾಟ; ಅದು ಎಷ್ಟು ತೆರೆದಿದೆ ಎಂದು ಎಂಜಿನ್ ಕಂಪ್ಯೂಟರಿಗೆ ವೋಲ್ಟೇಜ್ ಮೂಲಕ ತಿಳಿಸುವುದೇ ಥ್ರಾಟಲ್ ಸೆನ್ಸರ್. ಆಕ್ಸಿಲರೇಟರನ್ನು ಸ್ವಲ್ಪವೇ ಒತ್ತಿದಾಗ ಜರ್ಕ್, ಜೋರಾಗಿ ಒತ್ತಿದರೆ ಜರ್ಕ್ ಇಲ್ಲ. ಸ್ಕ್ಯಾನರ್‌ನಲ್ಲಿ ಬಂದ ದೋಷದ ಕೋಡ್ ಪಿ0122, ಅಂದರೆ ಈ ಸೆನ್ಸರ್‌ನ ಸಿಗ್ನಲ್ ವೋಲ್ಟೇಜ್ ಕಡಿಮೆ. ಕೋಡ್ ನೋಡಿದ ಕೂಡಲೇ ಸೆನ್ಸರ್ ಕೊಳ್ಳಬೇಡಿ; ತಂತಿ ಸಡಿಲವಾದರೂ ಇದೇ ಕೋಡ್ ಬರುತ್ತದೆ.

ಇಗ್ನಿಷನ್ ಆನ್, ಎಂಜಿನ್ ಆಫ್. ಸೆನ್ಸರ್‌ನ ಕನೆಕ್ಟರ್ ಕಳಚದೆ ಹಿಂಬದಿಯಿಂದ ತೆಳು ಗುಂಡುಸೂಜಿ ತೂರಿಸಿ ಅಳೆದೆ. ಸಪ್ಲೈ 4.98 ವೋಲ್ಟ್, ಗ್ರೌಂಡ್ 0.01: ಎರಡೂ ಸರಿ. ತಂತಿ ಅಲುಗಾಡಿಸಿದರೂ ಬದಲಾಗಲಿಲ್ಲ. ಸಿಗ್ನಲ್ ಥ್ರಾಟಲ್ ಮುಚ್ಚಿದಾಗ 0.52, ಪೂರ್ತಿ ತೆರೆದಾಗ 4.4. ಇಷ್ಟಕ್ಕೇ ನಿಲ್ಲಿಸಿದ್ದರೆ ಸೆನ್ಸರ್ ಚೆನ್ನಾಗಿದೆ ಎಂದೇ ಅನ್ನಿಸುತ್ತಿತ್ತು. ಡಿಜಿಟಲ್ ಮೀಟರ್ ಕ್ಷಣಿಕ ಕುಸಿತವನ್ನು ತೋರಿಸದೇ ಹೋಗಬಹುದು, ಹಾಗಾಗಿ ಮುಳ್ಳಿನ ಮೀಟರ್ ಹಾಕಿ ಥ್ರಾಟಲನ್ನು ತೀರಾ ನಿಧಾನವಾಗಿ ತಿರುಗಿಸಿದೆ. ಒಂದು ವೋಲ್ಟ್ ದಾಟುತ್ತಿದ್ದಂತೆ ಮುಳ್ಳು ದಡಕ್ಕನೆ ಸೊನ್ನೆಯತ್ತ ಬಿದ್ದು ಮತ್ತೆ ಎದ್ದಿತು. ಊರೊಳಗಿನ ಓಡಾಟದಲ್ಲಿ ಥ್ರಾಟಲ್ ಹೆಚ್ಚು ಹೊತ್ತು ಇರುವುದು ಅಲ್ಲೇ; ಸೆನ್ಸರ್ ಒಳಗಿನ ಕಾರ್ಬನ್ ಪಟ್ಟಿ ಸವೆಯುವುದೂ ಅಲ್ಲೇ.

ಹಾಗಾಗಿ ಸೆನ್ಸರ್ ಬದಲಿಸಬೇಕಾಯಿತು. ಅದನ್ನು ಹಿಡಿದಿರುವ ಸ್ಕ್ರೂ ಎರಡೇ, ಆದರೆ ಅಂಟು ಹಾಕಿ ಬಿಗಿದಿರುತ್ತಾರೆ. ಅಳತೆಯ ಬಿಟ್ ಇಲ್ಲದೆ ಕೈ ಹಾಕಿದರೆ ತಲೆ ಸವೆದುಹೋಗುತ್ತದೆ. ಹೊಸ ಸೆನ್ಸರ್ ಶಾಫ್ಟಿಗೆ ಸರಿಯಾಗಿ ಕೂತ ಮೇಲೆ, ಉದ್ದ ತೂತಿನಲ್ಲಿ ಸರಿಸಿ ಮುಚ್ಚಿದ ಸ್ಥಿತಿಯಲ್ಲಿ ಮ್ಯಾನ್ಯುಯಲ್ ಹೇಳಿದ ವೋಲ್ಟೇಜಿಗೆ ತಂದು ಬಿಗಿಯಿರಿ. ಥ್ರಾಟಲ್ ಸ್ಟಾಪ್ ಸ್ಕ್ರೂ ಮಾತ್ರ ಮುಟ್ಟಬೇಡಿ, ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗಿನ ಎಂಜಿನ್ ವೇಗ) ಕೆಟ್ಟುಹೋಗುತ್ತದೆ. ಕೊನೆಗೆ ಕೋಡ್ ಅಳಿಸಿ, ಮತ್ತೊಮ್ಮೆ ಮುಳ್ಳಿನ ಮೀಟರ್‌ನಲ್ಲಿ ನೋಡಿದೆ: ಮುಳ್ಳು ಎಲ್ಲೂ ತಡವರಿಸದೆ ಏರಿತು.