‘ಯಾಕೆ ನಂಬಿದಿರಿ?’ ಎಂದು ಮೊದಲು ಬರೆಸಿಕೊಳ್ಳಿ

ಆನ್‌ಲೈನ್ ಆಕರಗಳನ್ನು ಅಳೆದು ನೋಡುವುದನ್ನು ವಿದ್ಯಾರ್ಥಿಗಳಿಗೆ ಕಲಿಸುವಾಗ ನಾನು ಚೆಕ್‌ಲಿಸ್ಟ್‌ನಿಂದ ಶುರು ಮಾಡುವುದಿಲ್ಲ. ಲೇಖಕರ ಹೆಸರು, ದಿನಾಂಕ, ಉಲ್ಲೇಖಪಟ್ಟಿ ಎಲ್ಲವೂ ದುಡ್ಡು ಕೊಟ್ಟರೆ ಏನನ್ನಾದರೂ ಛಾಪಿಸುವ ಜರ್ನಲ್‌ನಲ್ಲೂ ಇರುತ್ತವೆ. ಜ್ಞಾನ ಅಂದರೇನು ಎಂದು ವಿದ್ಯಾರ್ಥಿ ಮನಸ್ಸಿನಲ್ಲಿ ಅಂದುಕೊಂಡಿರುವುದೇ ಯಾವುದು ಸಾಕ್ಷ್ಯ, ಯಾವುದಲ್ಲ ಎಂಬುದನ್ನು ತೀರ್ಮಾನಿಸುತ್ತದೆ. ಮೊದಲು ಅದು ಹೊರಗೆ ಬರಬೇಕು.

ಅದಕ್ಕೆ ಎರಡು ಸಂಶೋಧನಾ ಪ್ರಬಂಧ ಸಾಕು. ಒಂದು, ದಡಾರ, ಮಂಗಬಾವು, ರುಬೆಲ್ಲಾಗಳಿಗೆ ಕೊಡುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂದು 1998ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ ಬಂದದ್ದು. ಇನ್ನೊಂದು, ಅಂಥ ನಂಟು ಕಾಣಲಿಲ್ಲವೆಂದ 2002ರ ಡೆನ್ಮಾರ್ಕ್ ಅಧ್ಯಯನ. ಮೊದಲನೆಯದನ್ನು ಜರ್ನಲ್ಲೇ ಆಮೇಲೆ ರದ್ದು ಮಾಡಿತು; ಅದರ ಮೇಲಿನ ‘ಹಿಂಪಡೆಯಲಾಗಿದೆ’ ಎಂಬ ಮುದ್ರೆ ತೆಗೆದು ಬರಿಯ ಪಠ್ಯ ಕೊಡುತ್ತೇನೆ. 15 ನಿಮಿಷ ಓದಿ, ಚೀಟಿಯಲ್ಲಿ ಎರಡೇ ವಾಕ್ಯ: ಯಾವುದನ್ನು ಹೆಚ್ಚು ನಂಬುತ್ತೀರಿ, ಯಾಕೆ? ಹೆಸರು ಬೇಡ, ಚರ್ಚೆಯೂ ಬೇಡ. ಮಾತು ಶುರುವಾದರೆ ಎಲ್ಲ ಚೀಟಿಯಲ್ಲೂ ಒಂದೇ ಉತ್ತರ ಬರುತ್ತದೆ.

ಚೀಟಿಗಳು ಹೆಚ್ಚುಕಡಿಮೆ ಮೂರು ಗುಂಪಾಗುತ್ತವೆ. ‘ದೊಡ್ಡ ಜರ್ನಲ್, ಬರೆದವರು ವೈದ್ಯರು’ ಎನ್ನುವವರಿಗೆ ಜ್ಞಾನ ತಜ್ಞರು ಕೊಡುವ ವಸ್ತು. ‘ಅವರವರ ಅಭಿಪ್ರಾಯ, ಎರಡೂ ಸರಿಯಿರಬಹುದು’ ಎನ್ನುವವರಿಗೆ ತೂಗಿ ನೋಡಲು ಏನೂ ಇಲ್ಲ. ಮೂರನೆಯವರು ‘ಒಂದರಲ್ಲಿ 12 ಮಕ್ಕಳು, ಇನ್ನೊಂದರಲ್ಲಿ 5,37,303’ ಎಂದು ಬರೆಯುತ್ತಾರೆ. ಮನೋವಿಜ್ಞಾನಿ ಡಿಯಾನಾ ಕೂನ್ ಅವರ ಸಂಶೋಧನೆಯಲ್ಲಿ ಬರುವ ಮೂರು ನಿಲುವುಗಳೂ ಇವೇ. ಮೂರನೆಯವರನ್ನೂ ಸುಮ್ಮನೆ ಬಿಡುವಂತಿಲ್ಲ. ಸಂಖ್ಯೆ ದೊಡ್ಡದು ಎಂಬುದಷ್ಟೇ ಕಾರಣವಾಗದು. ಲಸಿಕೆ ಪಡೆಯದ ಮಕ್ಕಳೊಂದಿಗೆ ಹೋಲಿಕೆ ಎರಡನೆಯದರಲ್ಲಿದೆ, ಮೊದಲನೆಯದರಲ್ಲಿಲ್ಲ. ಈ ಮಾತು ಅವರ ಬಾಯಿಂದಲೇ ಬರುವವರೆಗೆ ಕಾಯುತ್ತೇನೆ.

ಪಾಠ ಕೆಡುವುದು ಮುಂದಿನ ಹೆಜ್ಜೆಯಲ್ಲಿ. 1998ರ ಪ್ರಬಂಧವನ್ನು ಲ್ಯಾನ್ಸೆಟ್ 2010ರಲ್ಲಿ ಹಿಂಪಡೆಯಿತು ಎಂದೊಡನೆ ಮೊದಲ ಗುಂಪು ನೇರ ಎರಡನೆಯದಕ್ಕೆ ಜಿಗಿಯುತ್ತದೆ: ‘ಹಾಗಾದರೆ ಯಾವುದನ್ನೂ ನಂಬುವಂತಿಲ್ಲ.’ ಅವರ ನಂಬಿಕೆ ನಿಂತಿದ್ದ ಒಂದೇ ಕಂಬ ತಜ್ಞರ ಅಧಿಕಾರ. ಅದು ಬಿದ್ದರೆ ಹಿಡಿಯಲು ಬೇರೇನೂ ಇಲ್ಲ. ಆದ್ದರಿಂದ ಹಿಂಪಡೆದ ಸುದ್ದಿಯನ್ನೂ ಕಾರಣವನ್ನೂ ಒಂದೇ ತರಗತಿಯಲ್ಲಿ ಹೇಳಲೇಬೇಕು, ಮುಂದಿನ ವಾರಕ್ಕೆ ಉಳಿಸಬಾರದು. ಮಕ್ಕಳನ್ನು ಆರಿಸದೆ ಬಂದ ಸರದಿಯಲ್ಲೇ ತೆಗೆದುಕೊಂಡೆವು, ನೈತಿಕ ಸಮಿತಿಯ ಒಪ್ಪಿಗೆ ಇತ್ತು ಎಂದು ಪ್ರಬಂಧದಲ್ಲಿದ್ದ ಎರಡು ಹೇಳಿಕೆಗಳು ಸುಳ್ಳೆಂದು ಸಾಬೀತಾದವು. ತಪ್ಪನ್ನು ಹಿಡಿದದ್ದೂ ಪರಿಶೀಲನೆಯೇ ಎಂಬುದು ಅವರಿಗೆ ಆಗ ಕಾಣುತ್ತದೆ. ಎರಡನೆಯ ಗುಂಪಿಗೆ ಒಂದೇ ಪ್ರಶ್ನೆ: ಯಾವ ಫಲಿತಾಂಶ ಸಿಕ್ಕರೆ ಇವೆರಡರಲ್ಲಿ ಒಂದನ್ನು ಕೈಬಿಡುತ್ತೀರಿ? ‘ಎರಡೂ’ ಎಂಬ ಉತ್ತರವನ್ನು ಒಪ್ಪುವುದಿಲ್ಲ.

ಉಪಕರಣಗಳು ಇದಾದ ಮೇಲೆ. ಪುಟದಲ್ಲೇ ಮುಳುಗದೆ ಎರಡು ನಿಮಿಷದೊಳಗೆ ಹೊಸ ಟ್ಯಾಬ್ ತೆರೆದು, ಪ್ರಕಾಶಕರ ಬಗ್ಗೆ ಬೇರೆಯವರು ಏನು ಬರೆದಿದ್ದಾರೆ ನೋಡುವುದು. ಪ್ರಬಂಧದ ಶಾಶ್ವತ ಗುರುತಿನ ಸಂಖ್ಯೆಯಾದ ಡಿಒಐ ಹಾಕಿ ಹುಡುಕುವುದು. ಹಿಂಪಡೆದ ಪ್ರಬಂಧಗಳ ರಿಟ್ರಾಕ್ಷನ್ ವಾಚ್ ದತ್ತಸಂಚಯ 2023ರಿಂದ, ಡಿಒಐ ನೋಂದಾಯಿಸುವ ಸಂಸ್ಥೆ ಕ್ರಾಸ್‌ರೆಫ್ ಮೂಲಕ ಮುಕ್ತವಾಗಿ ಸಿಗುತ್ತದೆ. ಗೂಗಲ್ ಸ್ಕಾಲರ್‌ನ ಉಲ್ಲೇಖ ಸಂಖ್ಯೆಗೆ ಮರುಳಾಗಬಾರದು. 1998ರ ಆ ಪ್ರಬಂಧವನ್ನು ಅಲ್ಲಗಳೆಯಲೆಂದೇ ಉಲ್ಲೇಖಿಸಿದವರು ಬಹಳ. ಕನಿಷ್ಠ ಮೂರು ಪ್ರಬಂಧ ತೆರೆದು, ಉಲ್ಲೇಖಿಸಿದ ವಾಕ್ಯವನ್ನೇ ಓದಿಸುತ್ತೇನೆ.

‘ಜ್ಞಾನ ಬದಲಾಗುತ್ತದೆ: ಒಪ್ಪುತ್ತೇನೆ / ಒಪ್ಪುವುದಿಲ್ಲ’ ಮಾದರಿಯ ಪ್ರಶ್ನಾವಳಿಯನ್ನು ನಾನು ನೆಚ್ಚುವುದಿಲ್ಲ. ಮೇಷ್ಟರಿಗೆ ಏನು ಬೇಕೋ ಅದಕ್ಕೇ ಗುರುತು ಬೀಳುತ್ತದೆ. ಜ್ಞಾನದ ಬಗೆಗಿನ ನಂಬಿಕೆ ವಿಷಯದಿಂದ ವಿಷಯಕ್ಕೂ ಬದಲಾಗುತ್ತದೆ: ಇತಿಹಾಸದಲ್ಲಿ ಆಕರಗಳನ್ನು ಎದುರುಬದುರಿಟ್ಟು ನೋಡುವವರೇ ಗಣಿತದಲ್ಲಿ ಪುಸ್ತಕದ ಮಾತೇ ಕೊನೆ ಎನ್ನಬಹುದು. ಅದಕ್ಕೇ ಎರಡು ವಾರ ಬಿಟ್ಟು, ಅವರವರ ವಿಷಯದ ಒಂದು ಪ್ರಿಪ್ರಿಂಟ್ (ತಜ್ಞರ ಪರಿಶೀಲನೆಗೆ ಮೊದಲೇ ಹೊರಬಂದ ಪ್ರಬಂಧ) ಕೊಟ್ಟು ಅದೇ ಚೀಟಿ ಮತ್ತೆ ಬರೆಸುತ್ತೇನೆ. ಆಗ ನೋಡುವುದು ‘ಯಾಕೆಂದರೆ’ ಎಂಬ ಪದದ ಮುಂದೆ ಏನು ಬಂದಿದೆ ಎಂಬುದನ್ನು: ಲೇಖಕರ ಹೆಸರೋ, ವಿಧಾನದ ವಿವರವೋ.