ನಾಡದೋಣಿ, ಟ್ರಾಲ್‌ಬೋಟ್, ಪರ್ಸಿನ್: ಒಪ್ಪಂದಕ್ಕೆ ಕೂರುವವರಿಗೆ

ಸಾಂಪ್ರದಾಯಿಕ ಸಣ್ಣ ನಾಡದೋಣಿ, ಚೀಲದಂಥ ಬಲೆ ಎಳೆಯುವ ಟ್ರಾಲ್‌ಬೋಟ್, ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿಯುವ ಪರ್ಸಿನ್ ಬೋಟ್: ಈ ಮೂವರನ್ನೂ ಒಪ್ಪಂದಕ್ಕೆ ಕೂರಿಸುವ ಕರ್ನಾಟಕ ಕರಾವಳಿಯ ಮೀನುಗಾರಿಕೆ ಸಭೆಗಳು ಹೆಚ್ಚಾಗಿ ಮುರಿದುಬೀಳುವುದು ಒಂದೇ ಕಾರಣಕ್ಕೆ. ‘ಲೈಟ್ (ರಾತ್ರಿ ಬೆಳಕು ಬಿಟ್ಟು ಮೀನು ಸೆಳೆಯುವುದು) ನಿಲ್ಲಿಸಿ’ ಎಂದು ಒಂದು ಕಡೆಯವರು, ‘ಬೋಟಿನ ಸಾಲ ಯಾರು ಕಟ್ಟುತ್ತಾರೆ’ ಎಂದು ಇನ್ನೊಂದು ಕಡೆಯವರು ಕೂಗುತ್ತಾರೆ. ಬಲೆಯ ಕಣ್ಣು ಎಷ್ಟು, ಆಳ ಎಷ್ಟು ಮಾರು ಎಂಬ ಮಾತು ಬರುವುದೇ ಇಲ್ಲ. ಕಡಲಲ್ಲಿ ಪ್ರತಿ ಬೋಟಿನ ಹಿಂದೆ ಕಾವಲು ಹೋಗಲು ಯಾರಿಂದಲೂ ಆಗದು. ಆದ್ದರಿಂದ ದಕ್ಕೆಯಲ್ಲಿ (ಬೋಟು ಕಟ್ಟುವ ಕಟ್ಟೆಯಲ್ಲಿ) ನಿಂತು ಅಳೆಯಬಹುದಾದ ಷರತ್ತುಗಳನ್ನೇ ಆದಷ್ಟು ಹುಡುಕಿ.

ಮೊದಲು ನಿಮ್ಮ ಕೈಯಲ್ಲಿ ಏನಿದೆ ಎಂದು ಖಚಿತ ಮಾಡಿಕೊಳ್ಳಿ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ. ವರೆಗೆ ರಾಜ್ಯದ ಅಧಿಕಾರ. ಅಲ್ಲಿ 1986ರ ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಕಾಯ್ದೆ ನಡೆಯುತ್ತದೆ. ಅದರಾಚೆಗೆ 200 ಮೈಲಿವರೆಗೆ ಕೇಂದ್ರದ್ದು. ಅಲ್ಲಿ ಬುಲ್ ಟ್ರಾಲಿಂಗನ್ನೂ (ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವುದು) ಎಲ್‌ಇಡಿ ಬೆಳಕನ್ನೂ 2017ರ ನವೆಂಬರ್‌ನಲ್ಲೇ ನಿಷೇಧಿಸಲಾಗಿದೆ. ‘ವಾರಕ್ಕೆರಡು ರಾತ್ರಿ ಲೈಟ್ ಇರಲಿ’ ಎಂದು ಸಂಘಗಳು ಪರಸ್ಪರ ಒಪ್ಪಿಕೊಂಡರೂ ಅದಕ್ಕೆ ಬೆಲೆಯಿಲ್ಲ. ಅದನ್ನು ಚೌಕಾಸಿಗೆ ಇಡಲೇಬೇಡಿ. ಮಳೆಗಾಲದ ಮೀನುಗಾರಿಕೆ ರಜೆಯ ವಿಷಯವೂ ಹಾಗೆಯೇ. ಇಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ; 10 ಅಶ್ವಶಕ್ತಿವರೆಗಿನ ಎಂಜಿನ್ ಇರುವ ದೋಣಿಗಳಿಗೆ ವಿನಾಯಿತಿ. ಕೇರಳದಲ್ಲಿ ಟ್ರಾಲಿಂಗ್ ನಿಷೇಧ 52 ದಿನ ಮಾತ್ರ. ಮಂಗಳೂರಿನವರು ಈ ಮಾತು ಎತ್ತಿಯೇ ಎತ್ತುತ್ತಾರೆ, ಅದರಲ್ಲಿ ನ್ಯಾಯವೂ ಇದೆ. ಆದರೆ ಅದಕ್ಕೆ ಉತ್ತರ ಕೊಡಬೇಕಾದವರು ಆ ಸಭೆಯಲ್ಲಿ ಇರುವುದಿಲ್ಲ. ಪ್ರತ್ಯೇಕ ಮನವಿ ಬರೆದು ಬದಿಗಿಡಿ.

ಏಪ್ರಿಲ್‌ನಲ್ಲಿ ಶುರುಮಾಡಿ, ಆಗಸ್ಟ್‌ನಲ್ಲಿ ಬೋಟು ಇಳಿಯುವ ಮೊದಲು ಸಹಿ ಆಗಲಿ. ಮಳೆಗಾಲದ ಸಭೆಯನ್ನು ಮಧ್ಯಾಹ್ನದ ಮೇಲೆ ಇಡಿ. ತೂಫಾನ್ (ಮಳೆಗಾಲದ ಕಡಲಿನ ಅಬ್ಬರ) ಆದ ಮೇಲೆ ನಾಡದೋಣಿಯವರು ನಸುಕಿಗೇ ಕಡಲಿಗೆ ಹೋಗುತ್ತಾರೆ, ಬೆಳಗ್ಗೆ ಕರೆದರೆ ಆ ಪಾಲಿನ ಕುರ್ಚಿ ಖಾಲಿ. ಮಾಲೀಕರನ್ನಷ್ಟೇ ಕರೆದರೆ ಸಾಲದು, ಬೋಟು ನಡೆಸುವ ತಂಡೇಲರೂ ಬೇಕು: ಬಲೆ ಎಲ್ಲಿ ಬಿಡಬೇಕೆಂದು ತೀರ್ಮಾನಿಸುವವರು ಅವರು. ದಡದಿಂದಲೇ ಬಲೆ ಎಳೆಯುವ ಕೈರಂಪಣಿಯವರನ್ನೂ ಮೀನು ಮಾರುವ ಹೆಂಗಸರನ್ನೂ ಮರೆಯಬೇಡಿ. ಬಂದ ಮೀನಿನ ಗಾತ್ರ ಯಾವ ವಾರದಿಂದ ಇಳಿಯಿತು ಎಂದು ಬುಟ್ಟಿ ಹೊರುವವರು ಸರಿಯಾಗಿ ಹೇಳುತ್ತಾರೆ.

ಇನ್ನು ಬಲೆ. ಜಗಳ ಹೆಚ್ಚು ಇಲ್ಲೇ. ಟ್ರಾಲ್‌ಬಲೆಯ ತುದಿಯ ಚೀಲದಲ್ಲಿ ವಜ್ರಾಕಾರದ ಕಣ್ಣು ಎಳೆತಕ್ಕೆ ಮುಚ್ಚಿಕೊಳ್ಳುತ್ತದೆ, ಮರಿಗಳು ಒಳಗೇ ಉಳಿಯುತ್ತವೆ. ಚೌಕ ಕಣ್ಣು ತೆರೆದೇ ಇರುತ್ತದೆ. ಆದ್ದರಿಂದ ‘ಇಷ್ಟು ಮಿ.ಮೀ.’ ಎಂದು ಬರೆದರೆ ಸಾಲದು. ಬಲೆ ನೆನೆದಿರಬೇಕೋ ಒಣಗಿರಬೇಕೋ, ಗಂಟಿನ ನಡುವಿನಿಂದ ನಡುವಿಗೋ ಒಳಗಿನಿಂದ ಒಳಗಿಗೋ, ಸಾಲಾಗಿ 20 ಕಣ್ಣು ಅಳೆದು ಸರಾಸರಿಯೋ ಎಂದು ಬರೆಯಿರಿ. ಇಲ್ಲದಿದ್ದರೆ ಒಂದೇ ಬಲೆಗೆ ಎರಡು ಲೆಕ್ಕ ಬರುತ್ತದೆ. ಚೀಲದೊಳಗೆ ಕೈ ಹಾಕಿ ನೋಡುವ ಹಕ್ಕನ್ನೂ ಸೇರಿಸಿ. ದೊಡ್ಡ ಕಣ್ಣಿನ ಚೀಲದೊಳಗೆ ಸಣ್ಣ ಕಣ್ಣಿನ ಇನ್ನೊಂದು ಬಲೆ ಹೊಲಿದಿರುವುದುಂಟು.

ಲೈಟ್ ವಿಷಯದಲ್ಲಿ ‘ಬಳಸಬಾರದು’ ಎಂದು ಬರೆಯಬೇಡಿ, ‘ಬೋಟಿನಲ್ಲಿ ಇರಬಾರದು’ ಎಂದು ಬರೆಯಿರಿ. ರಾತ್ರಿ 30 ಮೈಲಿ ಆಚೆ ದೀಪ ಉರಿಸಿದ್ದು ಸಾಬೀತಾಗದು. ನೀರಿಗಿಳಿಸುವ ದೀಪ, ಅದರ ಕೇಬಲ್, ಹೆಚ್ಚುವರಿ ಜನರೇಟರ್ ದಕ್ಕೆಯಲ್ಲೇ ಕಾಣುತ್ತವೆ.

ಆಳ ಮತ್ತು ದೂರವನ್ನು ಬೆರೆಸಬೇಡಿ. ಒಂದು ಮಾರು ಸುಮಾರು 1.83 ಮೀಟರ್, ಒಂದು ನಾಟಿಕಲ್ ಮೈಲಿ 1.852 ಕಿ.ಮೀ. ಅಂಕಿ ಹತ್ತಿರವಿರುವುದರಿಂದ ನಿರ್ಣಯ ಬರೆಯುವಾಗ ತಪ್ಪು ನುಸುಳುತ್ತದೆ. ನಾಡದೋಣಿಗೆ ಬಿಟ್ಟ ಜಾಗವನ್ನು ಜಿಪಿಎಸ್ ಬಿಂದುಗಳಲ್ಲೇ ಗುರುತಿಸಿ, ಎಲ್ಲ ತಂಡೇಲರ ಯಂತ್ರಕ್ಕೂ ಅದೇ ಬಿಂದುಗಳನ್ನು ಹಾಕಿಸಿ.

ದಂಡವನ್ನು ಬರೀ ಹಣದಲ್ಲಿ ಇಟ್ಟರೆ ಒಂದು ಒಳ್ಳೆಯ ಬಂಗುಡೆ ರಾಶಿಯಲ್ಲಿ ಅದು ತೀರಿಹೋಗುತ್ತದೆ. ದಿನಗಳಲ್ಲಿ ಇಡುವುದು ಮೇಲು: ಇಷ್ಟು ದಿನ ಬೋಟು ಕಡಲಿಗಿಳಿಯಬಾರದು. ಆದರೆ ಆಳುಗಳದ್ದು ಪಾಲಿನ ದುಡಿಮೆ, ಮಾಲೀಕರ ತಪ್ಪಿಗೆ ಅವರ ಮನೆಯ ಒಲೆ ಆರಬಾರದು. ಆ ದಿನಗಳ ಬತ್ತೆಯನ್ನು ಮಾಲೀಕರೇ ಕೊಡಬೇಕೆಂಬ ಷರತ್ತನ್ನು ಅದೇ ಸಾಲಿನಲ್ಲಿ ಸೇರಿಸಿ.

ಮಾತು ತುಳು, ಕೊಂಕಣಿ, ಕುಂದಾಪ್ರ ಕನ್ನಡದಲ್ಲಿ ನಡೆಯಲಿ. ನಿರ್ಣಯವನ್ನು ಕನ್ನಡದಲ್ಲಿ ಬರೆದು, ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ, ಅಲ್ಲೇ ತಿದ್ದಿ ಸಹಿ ಹಾಕಿಸಿ. ಒಂದು ಪ್ರತಿ ಮೀನುಗಾರಿಕೆ ಇಲಾಖೆಗೆ, ಒಂದೊಂದು ಪ್ರತಿ ಸಂಘಗಳಿಗೆ. ಮೊದಲ ಮರುಸಭೆಯ ತಾರೀಖನ್ನೂ ಆಗಲೇ ಗೊತ್ತುಮಾಡಿ, ಅಕ್ಟೋಬರ್ ದಾಟದಂತೆ.